ದೂರದ ದಾರಿಗೆ ಮೈನೋಯಿಸದ ಕಾರು

ಗೇರುಸೊಪ್ಪದ ಬೆಳೆಗಾರನಿಗೆ ದೂರದ ದಾರಿ ಎಂದರೆ ಎರಡೇ. ಪಡುವಣಕ್ಕೆ ಹೊರಟರೆ ಶರಾವತಿಯ ಕಣಿವೆಯಲ್ಲಿ ಸುಮಾರು ಮೂವತ್ತು ಕಿಲೋಮೀಟರು ಸಾಗಿ ಹೊನ್ನಾವರ. ಅಲ್ಲಿಂದ ತೆಂಕಣಕ್ಕೆ ತಿರುಗಿ ಭಟ್ಕಳ, ಬೈಂದೂರು, ಕುಂದಾಪುರ, ಉಡುಪಿ, ಮಣಿಪಾಲ. ಮೂಡಣಕ್ಕೆ ಹೊರಟರೆ ಊರು ದಾಟುತ್ತಲೇ ಘಟ್ಟ. ಮಾಲೆಮನೆ, ಮಾವಿನಗುಂಡಿ, ತಾಳಗುಪ್ಪ, ಸಾಗರ, ಶಿವಮೊಗ್ಗ, ಕೊನೆಗೆ ಬೆಂಗಳೂರು. ಮೊದಲನೆಯ ದಾರಿಯಲ್ಲಿ ನಾವು ಹೆಚ್ಚಾಗಿ ಹೋಗುವುದು ಆಸ್ಪತ್ರೆಗೆ. ಎರಡನೆಯದರಲ್ಲಿ ಮಕ್ಕಳ ಮನೆಗೆ. ಮದುವೆ, ಮುಂಜಿ, ಅಡಿಕೆ ಮಂಡಿ, ದೇವಸ್ಥಾನ ಇವೆಲ್ಲ ಇದ್ದೇ ಇವೆ. ಆದರೆ ನಾಲ್ಕು ಎಕರೆ ಭಾಗಾಯತದ ಮನೆಯಲ್ಲಿ ಕಾರಿನ ಮಾತು ಎದ್ದಾಗ ನಿಜವಾಗಿ ಮನಸ್ಸಿನಲ್ಲಿರುವುದು ಈ ಎರಡು ಪ್ರಯಾಣಗಳೇ.

ಈಚಿನ ಎರಡು ವರ್ಷಗಳಲ್ಲಿ ಸಂಘದ ಸದಸ್ಯರಲ್ಲಿ ಹಲವರು ಕಾರು ಕೊಂಡಿದ್ದಾರೆ. ಇನ್ನೂ ಕೆಲವರು ಕೊಳ್ಳುವ ಯೋಚನೆಯಲ್ಲಿದ್ದಾರೆ. ಅಡಿಕೆ ತೂಗಲು ಬಂದವರು ಕಟ್ಟೆಯ ಮೇಲೆ ಕೂತು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಮೈಲೇಜು ಎಷ್ಟು?” ಅದು ಕೇಳಬೇಕಾದ ಪ್ರಶ್ನೆಯೇ. ಆದರೆ ಬೆನ್ನಿಗೆ ಆಪರೇಷನ್ ಆದ ತಾಯಿಯನ್ನು ಮಣಿಪಾಲದಿಂದ ಮನೆಗೆ ಕರೆತರುವ ದಿನ ಮೈಲೇಜಿನ ಮಾತು ಯಾರಿಗೂ ನೆನಪಾಗುವುದಿಲ್ಲ. ಸೇತುವೆಯ ಜೋಡಣೆಯ ಮೇಲೆ ಗಾಡಿ ‘ದಡ್’ ಎಂದಾಗ ಹಿಂದಿನ ಸೀಟಿನಿಂದ ಬರುವ ‘ಅಯ್ಯೋ’ ಎಂಬ ಸದ್ದೊಂದೇ ಕೇಳಿಸುತ್ತದೆ. ಆದ್ದರಿಂದ ಈ ಲೇಖನದಲ್ಲಿ ಮೈಲೇಜನ್ನು ಬದಿಗಿಟ್ಟು, ದೂರದ ದಾರಿಯಲ್ಲಿ ಮೈಗೆ ಸುಖ ಕೊಡುವ ಕಾರು ಯಾವುದು, ಅದು ಏಕೆ ಸುಖ ಕೊಡುತ್ತದೆ ಎಂಬುದನ್ನಷ್ಟೇ ವಿಚಾರಿಸುವಾ.

ನಮ್ಮ ಈ ದಾರಿ ಹಿಂದಿನಿಂದಲೂ ಪ್ರಯಾಣಿಕರನ್ನು ದಣಿಸಿದ ದಾರಿಯೇ. ಜೋಗದ ಜಲಪಾತ ನೋಡಲು ಬರುತ್ತಿದ್ದ ಬ್ರಿಟಿಷ್ ಕಾಲದ ಅಧಿಕಾರಿಗಳು ಹೊನ್ನಾವರದಿಂದ ಗೇರುಸೊಪ್ಪದವರೆಗೆ ದೋಣಿಯಲ್ಲಿ ಬಂದು, ಇಲ್ಲಿಂದ ಘಟ್ಟ ಹತ್ತುತ್ತಿದ್ದರು. ಚೆನ್ನಭೈರಾದೇವಿಯ ಕಾಲದಲ್ಲಿ ಮೆಣಸು ಇಳಿದದ್ದೂ ಈ ಹೊಳೆಯಲ್ಲೇ. ನೀರಿನ ಮೇಲಿನ ಪ್ರಯಾಣದಲ್ಲಿ ಕುಲುಕಾಟ ಇರಲಿಲ್ಲ. ಘಟ್ಟ ಶುರುವಾದ ಮೇಲೆ ಮೈಕೈ ನೋವು ಶುರು. ದೋಣಿ ಹೋಗಿ ಮೋಟಾರು ಬಂದ ಮೇಲೆಯೂ ಈ ಲೆಕ್ಕ ಬಹಳ ಬದಲಾಗಿಲ್ಲವೆನ್ನಬೇಕು.

ಅಂಬಾಸಿಡರ್ ಏಕೆ ಹಿತವಾಗಿತ್ತು?

ವಯಸ್ಸಾದವರನ್ನು ಕೇಳಿದರೆ “ಅಂಬಾಸಿಡರಿನಷ್ಟು ಸುಖ ಈಗಿನ ಯಾವ ಕಾರಿನಲ್ಲೂ ಇಲ್ಲ” ಎನ್ನುತ್ತಾರೆ. ಇದರಲ್ಲಿ ಅರ್ಧ ಹಳೆಯ ನೆನಪಿನ ಮೋಹ. ಇನ್ನರ್ಧ ಮಾತ್ರ ನಿಜ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಕಂಪನಿಯವರು 1950ರ ದಶಕದ ಕೊನೆಯಲ್ಲಿ ತಯಾರಿಸತೊಡಗಿದ ಈ ಗಾಡಿ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ 2014ರವರೆಗೂ ತಯಾರಾಯಿತು. ಮುಂದೆ ತಿರುಚು ಸರಳಿನ ಸ್ಪ್ರಿಂಗು, ಹಿಂದೆ ಲಾರಿಯಂತೆ ಪಟ್ಟಿ ಸ್ಪ್ರಿಂಗು. ಇದರಲ್ಲಿ ಹೊಸತೇನೂ ಇರಲಿಲ್ಲ. ಆದರೆ ಚಕ್ರ 15 ಇಂಚಿನದು, ಟಯರಿನ ಗೋಡೆ ಎತ್ತರದ್ದು, ಸೀಟು ಸೋಫಾದಂತೆ ಅಗಲ ಮತ್ತು ಎತ್ತರ, ಒಳಗೆ ಕಾಲು ಚಾಚುವಷ್ಟು ಜಾಗ. ಪಂಚೆ ಉಟ್ಟವರು ತಲೆ ಬಗ್ಗಿಸದೆ ಹತ್ತಿ ಕೂರಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅದು ಗಂಟೆಗೆ ಐವತ್ತು ಅರವತ್ತು ಕಿಲೋಮೀಟರಿಗಿಂತ ಜೋರಾಗಿ ಓಡುತ್ತಿರಲಿಲ್ಲ. ನಿಧಾನವಾಗಿ ಹೋಗುವ ಯಾವ ಗಾಡಿಯೂ ಹಿತವೇ! ಘಟ್ಟದ ನಡುವೆ ರೇಡಿಯೇಟರು ಕುದಿದು, ಝರಿಯ ಪಕ್ಕ ಬಾನೆಟ್ಟು ಎತ್ತಿ ಅರ್ಧ ಗಂಟೆ ನಿಲ್ಲುತ್ತಿದ್ದದ್ದು ಕೂಡ ಬೆನ್ನಿಗೆ ವಿಶ್ರಾಂತಿಯಾಗುತ್ತಿತ್ತು ಎಂದರೆ ಹಾಸ್ಯವೆನಿಸಬಹುದು, ಆದರೂ ಸುಳ್ಳಲ್ಲ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಿತು. ಅದು ಮಧ್ಯಮ ವರ್ಗದವರ ಅಂಗಳಕ್ಕೆ ಕಾರು ತಂದುಕೊಟ್ಟ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಹನ್ನೆರಡು ಇಂಚಿನ ಚಕ್ರದ ಆ ಪುಟ್ಟ ಗಾಡಿಯಲ್ಲಿ ನಾಲ್ವರು ಕೂತು ಗೇರುಸೊಪ್ಪದಿಂದ ಶಿವಮೊಗ್ಗ ತಲುಪುವಷ್ಟರಲ್ಲಿ ಸೊಂಟ ಬೇರೆ, ಕಾಲು ಬೇರೆ ಆಗುತ್ತಿತ್ತು. ಮರುವರ್ಷವೇ ಬಂದ ಆಮ್ನಿ ನಮ್ಮ ಹಳ್ಳಿಗಳಲ್ಲಿ ಬಾಡಿಗೆಗೂ ರೋಗಿಗಳನ್ನು ಒಯ್ಯುವುದಕ್ಕೂ ಬಳಕೆಯಾಯಿತು. ಹಿಂದಿನ ಸೀಟು ತೆಗೆದು ಚಾಪೆ ಹಾಸಿ ಮಲಗಿಸಬಹುದೆಂಬುದೇ ಅದರ ಗುಣ. ಹಿಂದೆ ಪಟ್ಟಿ ಸ್ಪ್ರಿಂಗು, ಮೇಲೆ ಹಗುರ ದೇಹ. ಮಲಗಿದ ರೋಗಿಯ ತಲೆ ಹಿಂದಿನ ಚಕ್ರದ ಮೇಲೇ ಬರುತ್ತಿತ್ತು. 2019ರಲ್ಲಿ ಅದರ ತಯಾರಿ ನಿಂತಿತು. ಇವತ್ತಿಗೂ ಕೆಲವು ಮನೆಗಳಲ್ಲಿ ಆಮ್ನಿ ಓಡುತ್ತಿದೆ. ಗೊನೆ, ಗೊಬ್ಬರದ ಚೀಲ ಸಾಗಿಸಲು ಅದಕ್ಕೆ ಸಮನಾದದ್ದು ಇನ್ನೂ ಸಿಕ್ಕಿಲ್ಲ. ದೂರದ ದಾರಿಗೆ ಮಾತ್ರ ಅದನ್ನು ಹೊರಡಿಸಬಾರದು.

ಮೊಟ್ಟೆಯ ಬುಟ್ಟಿಯ ಕಾರು

ರೈತನಿಗಾಗಿಯೇ ಹಿತವಾದ ಕಾರನ್ನು ಮಾಡಬೇಕೆಂದು ಹೊರಟವರು ಫ್ರಾನ್ಸ್ ದೇಶದ ಸಿತ್ರೋಯೆನ್ ಕಂಪನಿಯವರು. 1930ರ ದಶಕದಲ್ಲಿ ಅದರ ಮುಖ್ಯಸ್ಥ ಬೂಲಾಂಜೆ ಎಂಬವರು ತಮ್ಮ ಎಂಜಿನಿಯರುಗಳಿಗೆ ಹಾಕಿದ ಷರತ್ತು ಪ್ರಸಿದ್ಧವಾದದ್ದು: ಇಬ್ಬರು ರೈತರು, ಐವತ್ತು ಕಿಲೋ ಆಲೂಗಡ್ಡೆ, ಗಂಟೆಗೆ ಅರವತ್ತು ಕಿಲೋಮೀಟರು, ನೂರು ಕಿಲೋಮೀಟರಿಗೆ ಮೂರು ಲೀಟರು ಪೆಟ್ರೋಲು, ಉತ್ತ ಗದ್ದೆಯಲ್ಲಿ ಹಾದುಹೋದರೂ ಬುಟ್ಟಿಯೊಳಗಿನ ಮೊಟ್ಟೆ ಒಡೆಯಬಾರದು! ಯುದ್ಧದ ಕಾರಣ ತಡವಾಗಿ, 1948ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ‘2 ಸಿವಿ’ ಎಂಬ ಆ ಕಾರು ಹೊರಬಿದ್ದಾಗ ಪತ್ರಿಕೆಯವರು ನಕ್ಕರಂತೆ. ನೋಡಲು ತಗಡಿನ ಡಬ್ಬಿ. ಆದರೆ ಮುಂದಿನ ಚಕ್ರವನ್ನೂ ಹಿಂದಿನ ಚಕ್ರವನ್ನೂ ಒಂದೇ ಕೊಳವೆಯೊಳಗಿನ ಸ್ಪ್ರಿಂಗುಗಳಿಂದ ಜೋಡಿಸಿದ್ದರು. ಮುಂದಿನ ಚಕ್ರ ಗುಂಡಿಗೆ ಬಿದ್ದರೆ ಆ ಸುದ್ದಿ ಹಿಂದಿನ ಚಕ್ರಕ್ಕೆ ಮೊದಲೇ ತಲುಪುತ್ತಿತ್ತು, ಗಾಡಿ ಮುಗ್ಗರಿಸುತ್ತಿರಲಿಲ್ಲ. ಸೀಟು ಎಂದರೆ ರಬ್ಬರು ಪಟ್ಟಿಗಳಿಗೆ ಬಟ್ಟೆ ಬಿಗಿದದ್ದು, ನಮ್ಮ ಜೋಲಿಯ ಹಾಗೆ. 1990ರವರೆಗೂ ಅದು ತಯಾರಾಯಿತು.

ಈ ಕಾರು ನಮ್ಮಲ್ಲಿಗೆ ಬಂದದ್ದಿಲ್ಲ. ಆದರೂ ಇಲ್ಲಿ ಅದನ್ನು ನೆನೆದ ಕಾರಣ ಇಷ್ಟೆ: ಸುಖ ಎಂಬುದು ದೊಡ್ಡ ಬೆಲೆಯಿಂದಲೇ ಬರಬೇಕೆಂದೇನೂ ಇಲ್ಲ, ಎಲ್ಲಿಂದ ಬರುತ್ತದೆ ಎಂದು ತಿಳಿದಿರಬೇಕು, ಅಷ್ಟೆ.

ಸುಖ ಎಲ್ಲಿಂದ ಬರುತ್ತದೆ?

ಕಾರಿನ ದೇಹ ಸ್ಪ್ರಿಂಗಿನ ಮೇಲೆ ಸೆಕೆಂಡಿಗೆ ಒಂದು ಅಥವಾ ಒಂದೂವರೆ ಬಾರಿ ಏರಿಳಿದರೆ ನಮಗೆ ಕಷ್ಟವಾಗುವುದಿಲ್ಲ. ಅದು ನಾವು ನಡೆಯುವಾಗಿನ ಲಯಕ್ಕೆ ಹತ್ತಿರವಾದದ್ದು. ಅದೇ ಸೆಕೆಂಡಿಗೆ ನಾಲ್ಕರಿಂದ ಎಂಟು ಬಾರಿ ಅದುರಿದರೆ ಹೊಟ್ಟೆ, ಬೆನ್ನೆಲುಬು ಎಲ್ಲವೂ ಅದರ ಜೊತೆ ಕುಣಿಯತೊಡಗುತ್ತವೆ. ಕೂತವರ ಮೈಗೆ ಅತಿ ಹೆಚ್ಚು ಬಾಧೆ ಕೊಡುವುದು ಈ ಅದುರುವಿಕೆಯೇ ಎಂದು ಅಳೆದು ನೋಡಿದವರು ಹೇಳುತ್ತಾರೆ. ಪಟ್ಟಿ ಸ್ಪ್ರಿಂಗಿನ ಗಾಡಿ ಖಾಲಿಯಿದ್ದಾಗ, ಟಯರಿಗೆ ಗಾಳಿ ಅತಿಯಾದಾಗ, ಶಾಕ್ ಅಬ್ಸಾರ್ಬರು ಸತ್ತಾಗ ಆಗುವುದು ಇದೇ. ಇನ್ನು ತೀರ ಮೆಲ್ಲಗೆ, ಐದು ಸೆಕೆಂಡಿಗೊಮ್ಮೆ ಎಂಬಂತೆ ತೂಗಿದರೆ ಬೆನ್ನಿಗೆ ನೋವಿಲ್ಲ, ಆದರೆ ಹೊಟ್ಟೆ ತೊಳಸಿ ವಾಂತಿ ಬರುತ್ತದೆ. ದೋಣಿಯಲ್ಲಿ ಆಗುವುದೂ, ಮಾಲೆಮನೆ ಘಟ್ಟದ ತಿರುವುಗಳಲ್ಲಿ ಮೆತ್ತನೆಯ ಕಾರು ಅತ್ತಿಂದಿತ್ತ ವಾಲುವಾಗ ಆಗುವುದೂ ಒಂದೇ.

ಇದರಿಂದ ಒಂದು ಮಾತು ಹೊರಡುತ್ತದೆ. ಕರಾವಳಿಯ ಹೆದ್ದಾರಿಗೆ ಹಿತವಾದ ಕಾರು ಘಟ್ಟಕ್ಕೂ ಹಿತವಾಗಿರಬೇಕೆಂದಿಲ್ಲ. ಶೋರೂಮಿನ ಮುಂದಿನ ಡಾಂಬರು ರಸ್ತೆಯಲ್ಲಿ ಎರಡು ಸುತ್ತು ಹೊಡೆದು “ಬೆಣ್ಣೆಯ ಹಾಗೆ ಹೋಗುತ್ತದೆ” ಎಂದು ಮುಂಗಡ ಕೊಡಬಾರದು. ನಮಗೆ ಬೇಕಾದದ್ದು ಗುಂಡಿಯನ್ನು ನುಂಗಿಕೊಳ್ಳುವಷ್ಟು ಮೆತ್ತಗೆ, ತಿರುವಿನಲ್ಲಿ ವಾಲದಷ್ಟು ಗಟ್ಟಿ. ಎರಡೂ ಒಟ್ಟಿಗೆ ಸಿಗುವುದು ಕಷ್ಟ. ಸಿಕ್ಕರೆ ಬೆಲೆ ಹೆಚ್ಚು.

ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇರುವ ಅಂತರವನ್ನು ಮೊದಲು ನೋಡಬೇಕು. ಈ ಅಂತರ ಹೆಚ್ಚಿದ್ದಷ್ಟೂ ಗಾಡಿ ಮುಗ್ಗರಿಸುವುದು ಕಡಿಮೆ. ಮಾರುತಿ 800ಕ್ಕೆ ಇದು 2,175 ಮಿಲಿಮೀಟರು. ಅಂಬಾಸಿಡರಿಗೆ ಸುಮಾರು 2,460. ಈಗಿನ ವ್ಯಾಗನ್-ಆರ್ 2,435, ಎರ್ಟಿಗಾ 2,740, ಇನ್ನೋವಾ ಕ್ರಿಸ್ಟಾ 2,750, ಹೈಕ್ರಾಸ್ 2,850. ಈ ನಾಲ್ಕು ಅಂಕೆ ನೋಡಿದರೇ ಅರ್ಧ ಕಥೆ ತಿಳಿಯುತ್ತದೆ. ಇದರ ಜೊತೆಗೇ ಇನ್ನೊಂದು: ಎರಡು ಚಕ್ರಗಳ ನಡುವೆ ಕೂತವನಿಗೆ ಕುಲುಕಾಟ ಕಡಿಮೆ, ಚಕ್ರದ ಮೇಲೆ ಕೂತವನಿಗೆ ಹೆಚ್ಚು. ಬಸ್ಸಿನಲ್ಲಿ ಕೊನೆಯ ಸೀಟಿನಲ್ಲಿ ಕೂತು ಸಾಗರಕ್ಕೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಏಳು ಸೀಟಿನ ಕಾರುಗಳಲ್ಲಿ ಕೊನೆಯ ಸಾಲು ಸರಿಯಾಗಿ ಹಿಂದಿನ ಚಕ್ರದ ಮೇಲೆ ಇರುತ್ತದೆ. ಮೊಣಕಾಲು ಎದೆಗೆ ಬರುತ್ತದೆ. ಅಲ್ಲಿ ಅಜ್ಜಿಯನ್ನು ಕೂರಿಸಿ ಬೆಂಗಳೂರಿಗೆ ಕರೆದೊಯ್ಯುವುದು ಅನ್ಯಾಯ.

ಟಯರಿನ ವಿಷಯದಲ್ಲಿ ಈಗಿನ ಷೋಕಿ ನಮಗೆ ಮಾರಕ. ಟಯರಿನ ಪಕ್ಕದಲ್ಲಿ 165/80 ಆರ್ 14 ಎಂದು ಬರೆದಿದ್ದರೆ ಅದರ ಅಗಲ 165 ಮಿಲಿಮೀಟರು, ಗೋಡೆಯ ಎತ್ತರ ಅದರ ಶೇಕಡಾ 80, ಅಂದರೆ 132 ಮಿಲಿಮೀಟರು. 195/55 ಆರ್ 16 ಎಂದಿದ್ದರೆ ಅಗಲ ಹೆಚ್ಚು, ಆದರೆ ಗೋಡೆ ಬರೀ 107. ಗುಂಡಿಯ ಪೆಟ್ಟನ್ನು ಮೊದಲು ತಿನ್ನುವುದು ಈ ಗೋಡೆಯೊಳಗಿನ ಗಾಳಿ. ಒಂದೇ ಕಾರಿನ ಮೇಲ್ದರ್ಜೆಯ ಮಾದರಿಗೆ ಹೊಳೆಯುವ ದೊಡ್ಡ ಅಲಾಯ್ ಚಕ್ರ, ತೆಳು ಟಯರು ಹಾಕಿರುತ್ತಾರೆ. ಕೆಳದರ್ಜೆಯದಕ್ಕೆ ಚಿಕ್ಕ ಚಕ್ರ, ದಪ್ಪ ಟಯರು. ಹೆಚ್ಚು ಹಣ ಕೊಟ್ಟು ಕಡಿಮೆ ಸುಖ ಕೊಳ್ಳುವ ವ್ಯಾಪಾರ ಇದು. ಇನ್ನೋವಾ ಕ್ರಿಸ್ಟಾದಲ್ಲೇ ನೋಡಿ: 205/65 ಆರ್ 16 ಟಯರಿನ ಮಾದರಿಯಲ್ಲಿ ಗೋಡೆ 133 ಮಿಲಿಮೀಟರು, 215/55 ಆರ್ 17ರದ್ದರಲ್ಲಿ 118. ಟ್ಯಾಕ್ಸಿಯವರು ಮೊದಲನೆಯದನ್ನೇ ಕೊಳ್ಳುವುದು ದುಡ್ಡು ಉಳಿಸುವುದಕ್ಕೆ ಮಾತ್ರವಲ್ಲ.

ಸೀಟು ಮೆತ್ತಗಿರಬೇಕೆಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಹತ್ತು ನಿಮಿಷಕ್ಕೆ ಮೆತ್ತನೆಯ ಸೀಟು ಹಿತ. ಎರಡು ಗಂಟೆ ಕಳೆದ ಮೇಲೆ ಸೊಂಟ ಒಳಗೆ ಕುಸಿದು ಬೆನ್ನು ಬಾಗುತ್ತದೆ. ತುಸು ಗಟ್ಟಿಯಾದ, ಮೊಣಕಾಲಿನ ಹತ್ತಿರದವರೆಗೂ ತೊಡೆಗೆ ಆಸರೆ ಕೊಡುವ, ಸೊಂಟದ ಕುಳಿಯನ್ನು ತುಂಬುವ ಸೀಟೇ ದೂರಕ್ಕೆ ಮೇಲು. ಸಣ್ಣ ಕಾರುಗಳಲ್ಲಿ ಕಂಪನಿಯವರು ಉಳಿತಾಯ ಮಾಡುವುದು ಈ ತೊಡೆಯ ಆಸರೆಯಲ್ಲೇ. ಸೀಟನ್ನು ಮೋಟು ಮಾಡಿ ‘ಕಾಲಿಗೆ ಜಾಗ ಬಹಳ’ ಎಂದು ತೋರಿಸುತ್ತಾರೆ.

ಯಾವುದು ಯಾರಿಗೆ?

ಬಾಡಿಗೆ ಗಾಡಿಯ ಚಾಲಕರನ್ನು ಯಾರನ್ನೇ ಕೇಳಿ, ಇನ್ನೋವಾ ಎನ್ನುತ್ತಾರೆ. ನಮ್ಮ ರಾಜ್ಯದ ಬಿಡದಿಯಲ್ಲೇ ತಯಾರಾದ ಗಾಡಿ ಅದು. 2000ರಲ್ಲಿ ಕ್ವಾಲಿಸ್ ಬಂತು, 2005ರಲ್ಲಿ ಇನ್ನೋವಾ, 2016ರಲ್ಲಿ ಕ್ರಿಸ್ಟಾ. ಲಾರಿಯಂತೆ ಚಾಸಿಯ ಮೇಲೆ ದೇಹ ಕೂರಿಸಿದ ಕಟ್ಟು. ಆದರೂ ಹಿಂದೆ ಪಟ್ಟಿಯಲ್ಲ, ಸುರುಳಿ ಸ್ಪ್ರಿಂಗು. ಖಾಲಿ ಹೋಗುವಾಗ ಸಣ್ಣ ಉಬ್ಬುಗಳಲ್ಲಿ ಸ್ವಲ್ಪ ಕುಣಿಯುತ್ತದೆ. ಆರು ಜನ ಕೂತು ಸಾಮಾನು ತುಂಬಿದ ಮೇಲೆ ಅದರ ಗಾಂಭೀರ್ಯವೇ ಬೇರೆ. ನಡುಸಾಲಿನ ಬಿಡಿ ಸೀಟಿನಲ್ಲಿ ಒರಗಿ ಕೂತವರಿಗೆ ಘಟ್ಟ ಏರಿದ್ದೇ ತಿಳಿಯುವುದಿಲ್ಲ ಎಂದರೆ ಅತಿಶಯೋಕ್ತಿಯಾದೀತು. ಆದರೆ ತಾಳಗುಪ್ಪದಲ್ಲಿ ಇಳಿದು ಚಹಾ ಕುಡಿಯುವ ಉಮೇದು ಉಳಿದಿರುತ್ತದೆ. 2022ರ ಕೊನೆಗೆ ಬಂದ ಹೈಕ್ರಾಸ್ ಬೇರೆ ಜಾತಿಯದು. ಚಾಸಿ ಇಲ್ಲ, ಮುಂದಿನ ಚಕ್ರ ಎಳೆಯುತ್ತದೆ, ಪೆಟ್ರೋಲಿನ ಜೊತೆಗೆ ವಿದ್ಯುತ್ ಮೋಟಾರಿನ ಮಾದರಿಯೂ ಉಂಟು. ಸದ್ದು ಬಹಳ ಕಡಿಮೆ, ನೆಲ ತಗ್ಗು, ಮೊಣಕಾಲು ನೋವಿನವರಿಗೆ ಹತ್ತಲು ಸುಲಭ. ಮಣಿಪಾಲದ ದಾರಿಗೆ ನನ್ನ ಓಟು ಇದಕ್ಕೆ. ತೋಟದ ಮಣ್ಣುರಸ್ತೆ, ಮಳೆಗಾಲದ ಕೊರಕಲು ಇದ್ದವರಿಗೆ ಕ್ರಿಸ್ಟಾಕ್ಕೆ.

ಆದರೆ ಇವುಗಳ ಬೆಲೆ ಎಷ್ಟು ಜನ ಸಣ್ಣ ಹಿಡುವಳಿದಾರರ ಕೈಗೆ ಎಟುಕೀತು? ಅಲ್ಲಿ ಎರ್ಟಿಗಾ ನಿಲ್ಲುತ್ತದೆ. ಚಕ್ರಗಳ ಅಂತರ ಹೆಚ್ಚುಕಡಿಮೆ ಕ್ರಿಸ್ಟಾದಷ್ಟೇ. ಬೆಲೆ ಅರ್ಧದ ಆಸುಪಾಸು. ನಾಲ್ಕು ಐದು ಜನಕ್ಕೆ ಇದು ನಿಜವಾಗಿಯೂ ಹಿತವಾದ ಗಾಡಿ. ಏಳು ಜನ ತುಂಬಿ ಘಟ್ಟ ಹತ್ತಿಸಿದರೆ ಎಂಜಿನ್ನು ಅರಚುತ್ತದೆ, ಗೇರು ಇಳಿಸಿ ಇಳಿಸಿ ಚಾಲಕನ ಎಡಗಾಲು ಸೋಲುತ್ತದೆ. ಸಿಎನ್‌ಜಿ ಮಾದರಿಯಲ್ಲಿ ಸಾಮಾನಿನ ಜಾಗವನ್ನು ಸಿಲಿಂಡರು ನುಂಗುವುದನ್ನೂ ಗಮನಿಸಬೇಕು.

ಮನೆಯಲ್ಲಿ ಉಳಿದವರು ಮುದುಕ ಮುದುಕಿ ಇಬ್ಬರೇ, ಮಗ ಬೆಂಗಳೂರಿನಲ್ಲಿ, ತಿಂಗಳಿಗೊಮ್ಮೆ ಉಡುಪಿಗೆ ಹೋಗಿಬರಬೇಕು ಎಂಬಂಥ ಮನೆಗಳು ನಮ್ಮ ಸೀಮೆಯಲ್ಲಿ ಈಗ ಬಹಳ. ಅಂಥವರಿಗೆ ವ್ಯಾಗನ್-ಆರ್‌ನಂಥ ಎತ್ತರದ ಸಣ್ಣ ಕಾರನ್ನೇ ಹೇಳುತ್ತೇನೆ. ಕುರ್ಚಿಯಲ್ಲಿ ಕೂತಂತೆ ಕೂರಬಹುದು. ಬಗ್ಗಬೇಕಾಗಿಲ್ಲ, ಮೇಲೆ ಹತ್ತಬೇಕಾಗಿಲ್ಲ. ತಿರುವಿನಲ್ಲಿ ವಾಲುತ್ತದೆ, ಹೆದ್ದಾರಿಯಲ್ಲಿ ಲಾರಿಯ ಗಾಳಿ ಬಡಿದರೆ ಅಲುಗುತ್ತದೆ. ನೂರೈವತ್ತು ಕಿಲೋಮೀಟರಿನ ಒಳಗೆ ಇದನ್ನು ಸಹಿಸಬಹುದು. ಇದಕ್ಕೆ ವಿರುದ್ಧವಾಗಿ ಉದ್ದ ಡಿಕ್ಕಿಯ ಸೆಡಾನ್ ಕಾರುಗಳು ಓಡುವಾಗ ಬಹಳ ಸುಖ, ಹತ್ತಿ ಇಳಿಯುವಾಗ ಕಷ್ಟ. 2014ರಲ್ಲಿ ಬಂದು 2025ರಲ್ಲಿ ನಿಂತ ಸಿಯಾಜ್ ಇಂಥದ್ದು: ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರಬಹುದು, ಸೆಕೆಂಡ್ ಹ್ಯಾಂಡ್‌ನಲ್ಲಿ ಒಳ್ಳೆಯದು ಸಿಕ್ಕರೆ ಬಿಡಬೇಡಿ. ಮಂಡಿ ನೋವಿನವರಿದ್ದರೆ ಮಾತ್ರ ಆ ಕಡೆ ನೋಡಲೇಬೇಡಿ. 2012ರಲ್ಲಿ ಬಂದ ರೆನೋ ಡಸ್ಟರಿನ ಬಗ್ಗೆಯೂ ಒಂದು ಮಾತು: ಕೆಟ್ಟ ರಸ್ತೆಯ ಮೇಲೆ ಅದರಷ್ಟು ಚೆನ್ನಾಗಿ ಹೋಗುವ ಗಾಡಿ ಆ ಬೆಲೆಯಲ್ಲಿ ಇನ್ನೊಂದಿರಲಿಲ್ಲ. ಹಳೆಯದನ್ನು ಕೊಳ್ಳುವವರು ಬಿಡಿಭಾಗ ಎಲ್ಲಿ ಸಿಗುತ್ತದೆಂದು ಮೊದಲೇ ವಿಚಾರಿಸಿಕೊಳ್ಳಬೇಕು.

ಬೊಲೆರೊ ಪ್ರಿಯರು ನಮ್ಮಲ್ಲಿ ಹಲವರಿದ್ದಾರೆ; ಅವರ ಮನಸ್ಸು ನೋಯಿಸುವ ಉದ್ದೇಶ ನನಗಿಲ್ಲ. ತೋಟಕ್ಕೆ ಅದು ಎತ್ತು. ರೋಗಿಗೆ ಅಲ್ಲ.

ವಿದ್ಯುತ್ ಕಾರುಗಳಲ್ಲಿ ಸದ್ದಿಲ್ಲ, ಗೇರಿನ ಜಗ್ಗಾಟವಿಲ್ಲ. ಘಟ್ಟ ಹತ್ತುವಾಗ ಎಳೆತ ಚೆನ್ನು. ಇಳಿಯುವಾಗ ಮೋಟಾರೇ ಬ್ರೇಕಿನ ಕೆಲಸ ಮಾಡಿ ಬ್ಯಾಟರಿಗೆ ಸ್ವಲ್ಪ ವಿದ್ಯುತ್ತನ್ನು ಹಿಂದಕ್ಕೆ ಕೊಡುತ್ತದೆ. ಬ್ಯಾಟರಿಯ ಭಾರ ಹೊರಬೇಕಾದ್ದರಿಂದ ಕೆಲವಕ್ಕೆ ಸ್ಪ್ರಿಂಗನ್ನು ಬಿಗಿಯಾಗಿ ಕೂರಿಸಿರುತ್ತಾರೆ. ಕೂತು ನೋಡಿಯೇ ನಿರ್ಧರಿಸಬೇಕು. ಮಳೆಗಾಲದಲ್ಲಿ ಮರ ಬಿದ್ದು ಮೂರು ದಿನ ಕರೆಂಟು ಹೋಗುವ ನಮ್ಮ ಹಳ್ಳಿಗಳಲ್ಲಿ ಇದೊಂದನ್ನೇ ನಂಬಿ ಕೂರಲು ಸದ್ಯಕ್ಕೆ ನನಗೆ ಧೈರ್ಯ ಸಾಲದು. ಶರಾವತಿಯ ನೀರು ವಿದ್ಯುತ್ತಾಗಿ ಹೋಗುವುದು ನಮ್ಮ ಕಣ್ಣ ಮುಂದೆಯೇ, ಕರೆಂಟು ಹೋಗುವುದೂ ನಮ್ಮ ಮನೆಯಲ್ಲೇ!

ಕೊಳ್ಳಬೇಕೋ, ಬಾಡಿಗೆ ಹಿಡಿಯಬೇಕೋ?

ಇಲ್ಲಿ ಪೆನ್ನು ಹಿಡಿದು ಕೂರಬೇಕು. ಗೇರುಸೊಪ್ಪದಿಂದ ಮಣಿಪಾಲಕ್ಕೆ ಹೋಗಿಬರಲು ಸುಮಾರು ಮುನ್ನೂರು ಕಿಲೋಮೀಟರು. ಕಿಲೋಮೀಟರಿಗೆ ಇಪ್ಪತ್ತು ರೂಪಾಯಿ ಬಾಡಿಗೆ ಎಂದು ಹಿಡಿದರೆ ಆರು ಸಾವಿರ. ವರ್ಷಕ್ಕೆ ಹತ್ತು ಬಾರಿ ಹೋದರೂ ಅರವತ್ತು ಸಾವಿರ. ಅದೇ ಇಪ್ಪತ್ತು ಲಕ್ಷ ಸಾಲ ಮಾಡಿ ದೊಡ್ಡ ಗಾಡಿ ಕೊಂಡರೆ, ಶೇಕಡಾ ಒಂಬತ್ತರ ಬಡ್ಡಿಯಂತೆ ಮೊದಲ ವರ್ಷದ ಬಡ್ಡಿಯೇ ಒಂದೂ ಮುಕ್ಕಾಲು ಲಕ್ಷದ ಹತ್ತಿರ. ವಿಮೆ, ಸರ್ವಿಸು, ಟಯರು ಬೇರೆ. ಅಸಲಿನ ಕಂತು ಬೇರೆ. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಬದಲಾದಾಗ ನಾಲ್ಕು ಮೀಟರಿನೊಳಗಿನ ಸಣ್ಣ ಪೆಟ್ರೋಲು, ಡೀಸೆಲ್ ಕಾರುಗಳಿಗೆ ತೆರಿಗೆ ಶೇಕಡಾ 28ರಿಂದ 18ಕ್ಕೆ ಇಳಿಯಿತು. ದೊಡ್ಡವಕ್ಕೆ ಶೇಕಡಾ 40. ಎರ್ಟಿಗಾ ಕೂಡ ದೊಡ್ಡವುಗಳ ಲೆಕ್ಕದಲ್ಲೇ ಸೇರುತ್ತದೆ. ಅದರ ಮೇಲೆ ರಾಜ್ಯದ ರಸ್ತೆ ತೆರಿಗೆ.

ಅಡಿಕೆಗೆ ದರ ಬಂದ ವರ್ಷ ಮನಸ್ಸು ಹಿಗ್ಗುತ್ತದೆ. ಕಾರಿನ ಕಂತು ಐದೋ ಏಳೋ ವರ್ಷದ್ದು. ಅಷ್ಟರಲ್ಲಿ ಕೊಳೆ ಬಂದು ಅರ್ಧ ಫಸಲು ನೆಲಕ್ಕೆ ಬೀಳುವ ವರ್ಷ ಒಂದಾದರೂ ಬಾರದೆ ಇರುವುದಿಲ್ಲ. ಕಂತು ಮಾತ್ರ ಕೊಳೆಯುವುದಿಲ್ಲ. ದೂರದ ಪ್ರಯಾಣ ವರ್ಷಕ್ಕೆ ಹತ್ತು ಹದಿನೈದಕ್ಕೆ ಮೀರದ ಮನೆಗೆ ಸಣ್ಣ ಕಾರು ಇಟ್ಟುಕೊಂಡು, ಬೇಕಾದಾಗ ಇನ್ನೋವಾ ಬಾಡಿಗೆ ಹಿಡಿಯುವುದೇ ಸರಿ ಎಂದು ನನ್ನ ಅಭಿಪ್ರಾಯ. ಬಾಡಿಗೆ ಹಿಡಿಯುವಾಗ ಹಳದಿ ಬೋರ್ಡಿನ ಗಾಡಿಯನ್ನೇ ಹಿಡಿಯಿರಿ. ಪರಿಚಯದವರ ಬಿಳಿ ಬೋರ್ಡಿನ ಕಾರಿಗೆ ದುಡ್ಡು ಕೊಟ್ಟು ಹೋದರೆ ನೂರು ಇನ್ನೂರು ಉಳಿದೀತು. ಅಪಘಾತವಾದರೆ ವಿಮೆಯ ಕಂಪನಿ ಕೈ ಎತ್ತಬಹುದು.

ಹೊಸ ಕಾರಿನ ಯೋಚನೆ ಮಾಡುವ ಮೊದಲು ಇದ್ದ ಕಾರನ್ನೂ ಒಮ್ಮೆ ನೋಡಿ. ನಾಲ್ಕು ಮೂಲೆಯನ್ನೂ ಕೈಯಿಂದ ಒತ್ತಿ ಬಿಡಿ. ಒಮ್ಮೆ ಎದ್ದು ನಿಂತರೆ ಸರಿ. ಮತ್ತೆ ಮತ್ತೆ ಕುಣಿದರೆ ಶಾಕ್ ಅಬ್ಸಾರ್ಬರಿನ ಎಣ್ಣೆ ಹೋಗಿದೆ ಎಂದೇ ಅರ್ಥ. ಅದನ್ನೂ ಸವೆದ ರಬ್ಬರು ಬುಶ್ಶುಗಳನ್ನೂ ಬದಲಾಯಿಸಿದರೆ ಎಂಟು ವರ್ಷದ ಗಾಡಿಯೂ ಹೊಸ ಮದುಮಗಳಂತಾಗುತ್ತದೆ. ಟಯರಿನ ಗಾಳಿಯನ್ನು ಹೊರಡುವ ಮುನ್ನ, ಚಕ್ರ ತಣ್ಣಗಿರುವಾಗ, ಚಾಲಕನ ಬಾಗಿಲ ಬಳಿ ಅಂಟಿಸಿದ ಚೀಟಿಯಂತೆ ಹಾಕಿಸಿ. ಪಂಪಿನ ಹುಡುಗ ಅಂದಾಜಿನಲ್ಲಿ ಹಾಕುವ ನಲವತ್ತು ಪೌಂಡು ನಿಮ್ಮ ಬೆನ್ನಿಗೆ ಬೀಳುವ ಪೆಟ್ಟು.

ರೋಗಿಯನ್ನು ಒಯ್ಯುವಾಗ

2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸು ಬೈಂದೂರಿನ ಶಿರೂರು ಟೋಲ್‌ಗೇಟಿನಲ್ಲಿ ಮಳೆನೀರಿಗೆ ಜಾರಿ ಮಗುಚಿ ನಾಲ್ವರು ತೀರಿಕೊಂಡದ್ದನ್ನು ನಮ್ಮ ತಾಲೂಕಿನವರು ಮರೆತಿಲ್ಲ. ನಮ್ಮ ಜಿಲ್ಲೆಯಲ್ಲೇ ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಆ ದಿನದ ಮೇಲೆ ಎಷ್ಟು ಜೋರಾಯಿತೆಂಬುದೂ ಗೊತ್ತಿದ್ದದ್ದೇ. ಒಂದೂವರೆ ನೂರು ಕಿಲೋಮೀಟರು ದೂರದ ಆಸ್ಪತ್ರೆಯನ್ನು ನಂಬಿದವರಿಗೆ ಗಾಡಿಯ ಸುಖ ಷೋಕಿಯಲ್ಲ. ಉಸಿರಾಟ, ಎದೆನೋವು, ಪ್ರಜ್ಞೆ ತಪ್ಪಿದ್ದು ಇಂಥವಕ್ಕೆ ಎಷ್ಟೇ ಒಳ್ಳೆಯ ಕಾರಿದ್ದರೂ ಉಪಯೋಗವಿಲ್ಲ, 108ಕ್ಕೇ ಫೋನು ಮಾಡಬೇಕು. ನಾನು ಹೇಳುತ್ತಿರುವುದು ತಪಾಸಣೆಗೆ ಹೋಗುವವರ, ಆಪರೇಷನ್ ಮುಗಿಸಿ ಬರುವವರ ವಿಷಯ.

ಅಂಥವರನ್ನು ಹಿಂದಿನ ಸೀಟಿನಲ್ಲಿ ಅಡ್ಡ ಮಲಗಿಸುವುದು ನಮ್ಮ ರೂಢಿ. ಬ್ರೇಕು ಹಾಕಿದರೆ ಅವರು ಉರುಳುವುದು ಕೆಳಕ್ಕೇ. ಅದಕ್ಕಿಂತ ಮುಂದಿನ ಎಡ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಬೆನ್ನನ್ನು ಸ್ವಲ್ಪವೇ ಒರಗಿಸಿ, ಸೊಂಟದ ಹಿಂದೆ ಮಡಚಿದ ಟವೆಲ್ಲು ಇಟ್ಟು ಕೂರಿಸುವುದು ಮೇಲು. ಪೂರ್ತಿ ಮಲಗಿಸಬಾರದು, ಹಾಗೆ ಮಾಡಿದರೆ ಬೆಲ್ಟು ಮೈಗೆ ತಾಗುವುದೇ ಇಲ್ಲ, ಜೋರಾಗಿ ಬ್ರೇಕು ಬಿದ್ದಾಗ ಮನುಷ್ಯ ಅದರ ಕೆಳಗಿನಿಂದ ಜಾರಿ ಹೋಗುತ್ತಾನೆ. ಗರ್ಭಿಣಿಯರಿಗೆ ಕೆಳಗಿನ ಬೆಲ್ಟು ಹೊಟ್ಟೆಯ ಮೇಲೆ ಅಲ್ಲ, ಹೊಟ್ಟೆಯ ಕೆಳಗೆ, ತೊಡೆಯ ಸಂದಿಗೆ ಬರಬೇಕು. ಒಂದೂವರೆ ಗಂಟೆಗೊಮ್ಮೆ ನಿಲ್ಲಿಸಿ, ಇಳಿಯಲಾಗದವರಿಗೆ ಕೂತಲ್ಲೇ ಪಾದ ಆಡಿಸಲು ಹೇಳಿ. ಒಂದೇ ಭಂಗಿಯಲ್ಲಿ ಬಹಳ ಹೊತ್ತು ಕೂತರೆ ಕಾಲಿನ ರಕ್ತ ಹೆಪ್ಪುಗಟ್ಟುವ ಭಯ ಆಪರೇಷನ್ ಆದವರಿಗೆ ಹೆಚ್ಚು. ಮರವಂತೆಯ ಬಳಿ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ. ನಿಲ್ಲಿಸಲು ಅದಕ್ಕಿಂತ ಒಳ್ಳೆಯ ಜಾಗ ಬೇಡ. ಗಾಡಿಯನ್ನು ಮಾತ್ರ ಹೆದ್ದಾರಿಯಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಬೇಕು.

ಘಟ್ಟದ ದಾರಿಯಲ್ಲಿ ವಾಂತಿಯಾಗುವ ಮಕ್ಕಳನ್ನು ಕೊನೆಯ ಸಾಲಿಗೆ ತಳ್ಳದೆ ನಡುವೆ ಕೂರಿಸಿ, ಮೊಬೈಲು ಕಸಿದುಕೊಂಡು ಮುಂದಿನ ರಸ್ತೆ ನೋಡಲು ಹೇಳಿ. ಕಣ್ಣಿಗೆ ತಿರುವು ಕಂಡರೆ ಹೊಟ್ಟೆ ಅಷ್ಟು ಗಾಬರಿಯಾಗದು. ಇಳಿಯುವಾಗ ಚಾಲಕ ಎರಡನೆಯ ಗೇರಿನಲ್ಲಿ ಇಳಿದರೆ ಬ್ರೇಕೂ ಕಾಯುವುದಿಲ್ಲ, ಕೂತವರ ತಲೆಯೂ ಮುಂದೆ ಹಿಂದೆ ಆಡುವುದಿಲ್ಲ. ಹತ್ತಿ ಬರುವ ಗಾಡಿಗೆ ದಾರಿ ಬಿಡಬೇಕೆಂಬುದು ಕಾನೂನು. ನಮ್ಮ ಘಟ್ಟದಲ್ಲಿ ಅದನ್ನು ಪಾಲಿಸುವವರು ಬೆಂಗಳೂರಿನ ಪ್ರವಾಸಿಗರಂತೂ ಅಲ್ಲ. ಶನಿವಾರ ಭಾನುವಾರ ಸಿಂಗಳೀಕಗಳಿಗೆ ಬಾಳೆಹಣ್ಣು ಎಸೆಯಲು ತಿರುವಿನಲ್ಲೇ ನಿಲ್ಲುವವರೂ ಅವರೇ. ರೋಗಿಯೊಡನೆ ಹೋಗುವವರು ಬೆಳಿಗ್ಗೆ ಏಳರೊಳಗೆ ಘಟ್ಟ ದಾಟಿಬಿಡುವುದು ಒಳ್ಳೆಯದು.

ಕಾರು ಕೊಳ್ಳಲೇಬೇಕೆಂದು ನಿಶ್ಚಯಿಸಿದವರಿಗೆ ಇನ್ನೊಂದೇ ಸೂಚನೆ. ಪರೀಕ್ಷೆಗೆ ಗಾಡಿ ಕೊಡುವಾಗ ಮನೆಯ ಯುವಕರಷ್ಟೇ ಹೋಗಿ ಎಕ್ಸಿಲೇಟರು ತುಳಿದು ಬರುತ್ತಾರೆ. ಮನೆಯಲ್ಲಿ ಯಾರ ಸೊಂಟ ನೋಯುತ್ತದೆಯೋ ಅವರನ್ನು ಕರೆದುಕೊಂಡು ಹೋಗಿ. ಹತ್ತಿಸಿ, ಇಳಿಸಿ, ಹಿಂದೆ ಕೂರಿಸಿ. ಹೆದ್ದಾರಿ ಬಿಟ್ಟು ಉಬ್ಬುತಗ್ಗಿನ ಹಳ್ಳಿ ರಸ್ತೆಯಲ್ಲಿ ನಲವತ್ತರ ವೇಗದಲ್ಲಿ ಅರ್ಧ ಗಂಟೆ ಓಡಿಸಿ, ಆಮೇಲೆ ಮಾತನಾಡದೆ ಅವರ ಮುಖ ನೋಡಿ. ಗಾಡಿ ಮನೆಗೆ ಬಂದ ಮೇಲೆ ಅದರಲ್ಲಿ ಮೈಲುತುತ್ತದ ಡಬ್ಬಿ ಸಾಗಿಸಬೇಡಿ. ಚೆಲ್ಲಿದ ಬೋರ್ಡೋ ದ್ರಾವಣ ತಳದ ತಗಡನ್ನು ತಿನ್ನುತ್ತದೆ. ಅಡಿಕೆ ಚೀಲಕ್ಕೆ ಬೇರೆ ಗಾಡಿ ಹೇಳಿ. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಬಾನೆಟ್ಟು ಎತ್ತಿ ನೋಡುತ್ತಿರಿ: ಬೆಚ್ಚಗಿನ ಎಂಜಿನ್ನಿನ ಪಕ್ಕ ಗೂಡು ಕಟ್ಟುವ ಇಲಿಗೆ ವೈ‌ರು ಕಡಿಯಲು ಒಂದು ರಾತ್ರಿ ಸಾಕು, ಮತ್ತು ಅದು ಗೊತ್ತಾಗುವುದು ಆಸ್ಪತ್ರೆಗೆ ಹೊರಟ ಬೆಳಿಗ್ಗೆಯೇ.